ಕಾರಿನ ಕೀಲಿ, ಟೀ ಲೋಟ

ಬುಧವಾರ, ಬೆಳಗ್ಗೆ

ಪ್ರೀತಿಯ ಸಿಳ್ಳೆಮರಿ,

ಆಶೀರ್ವಾದವನ್ನೆಲ್ಲ ಕೊನೆಗೆ ಬರೆಯುತ್ತೇನೆ, ಮೊದಲು ಕೆಲಸದ ಮಾತು. ಶನಿವಾರ ಬೆಳಗ್ಗೆ ನೀನು ಇಲ್ಲಿರಬೇಕು. ನಮ್ಮ ಕಾರು ಓಡಿಸಬೇಕು. ಅಪ್ಪನನ್ನು ಪ್ಲೇಆಫ್ ಪಂದ್ಯಕ್ಕೆ ಕರೆದುಕೊಂಡು ಹೊರಡಬೇಕು. ಇಷ್ಟು ಓದುವಷ್ಟರಲ್ಲಿ ನಿನ್ನ ಮುಖ ಹೇಗಾಗಿರುತ್ತದೆ ಅಂತ ನನಗೆ ಗೊತ್ತು. ಹರಿದು ಬಿಸಾಡಬೇಡ, ಕೊನೆಯವರೆಗೂ ಓದು. ಆಮೇಲೆ ಬೇಕಾದರೆ ಬೈಯುವೆಯಂತೆ.

ಫೋನ್ ಮಾಡದೆ ಕಾಗದ ಯಾಕೆ ಅಂದರೆ, ಫೋನ್ ಮಾಡಿದರೆ ನೀನು ಚೆನ್ನಾಗಿದ್ದೀನಿ, ಅಂಗಡಿಯಲ್ಲಿ ಜನ ಇದ್ದಾರೆ ಅಂತ ಹೇಳಿ ಇಟ್ಟುಬಿಡುತ್ತೀಯ. ಆ ಕನ್ನಡಕದ ಅಂಗಡಿಯ ಮುಂದೆ ಹೊತ್ತು ಗೊತ್ತಿಲ್ಲದೆ ಅದೆಷ್ಟು ಜನ ಕಣ್ಣು ಕಾಣದವರು ಸಾಲುಗಟ್ಟಿ ನಿಂತಿರುತ್ತಾರೋ, ದೇವರೇ ಬಲ್ಲ. ಅದೂ ಅಲ್ಲದೆ ಈ ಮನೆಯಲ್ಲಿ ಈಗ ಗುಟ್ಟು ಮಾತಾಡಲು ಜಾಗವಿಲ್ಲ. ಅಪ್ಪನ ಮಂಚವನ್ನು ಮುಂದಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಹಾಕಿದ್ದೇನೆ, ಮಲಗಿದಲ್ಲಿಂದಲೇ ಶೆಡ್ಡಿನಲ್ಲಿರುವ ಕಾರು ಕಾಣಲಿ ಅಂತ. ಆ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಪರದೆ ಮಾತ್ರ. ದನಿ ಹೋದ ಮೇಲೆ ಅವರಿಗೆ ಮಿಕ್ಕದ್ದೆಲ್ಲ ಚುರುಕಾಗಿಬಿಟ್ಟಿದೆ. ಇಲ್ಲಿ ಚಮಚ ಬಿದ್ದರೆ ಅಲ್ಲಿ ಅವರ ಹುಬ್ಬು ಮೇಲೇರುತ್ತದೆ. ಒಲೆಯ ಮೇಲೆ ಹಾಲು ಸೀದರೆ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಅಡುಗೆಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು, ತರಕಾರಿ ಹೆಚ್ಚುವವಳ ಹಾಗೆ ನಿಂತು ಬರೆಯುತ್ತಿದ್ದೇನೆ.

ಇದನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ. ಡಿಪೋದವರಾದ ನಾವು ಅಂಚೆಗಿಂತ ಕಂಡಕ್ಟರನ್ನೇ ಹೆಚ್ಚು ನಂಬುವ ಜನ ತಾನೆ. ಸಂಜೆ ನಿನ್ನ ಅಂಗಡಿಗೇ ಬಂದು ಕೊಡುತ್ತಾರೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡ, ಒಳಗೆ ಕರೆದು ಒಂದು ಲೋಟ ನೀರಾದರೂ ಕೊಡು.

ಅಪ್ಪನ ವಿಷಯ ನಿನಗೆ ಅರ್ಧವೇ ಹೇಳಿದ್ದೆ. ಗಂಟಲಿನ ಕಾಯಿಲೆ ಅಂದಿದ್ದೆ. ಅದು ಈಗ ಗಂಟಲಲ್ಲಿ ಮಾತ್ರ ಇಲ್ಲ. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಆಸ್ಪತ್ರೆಗೆ ಓಡಾಡಿಸಿ ಅವರನ್ನು ದಣಿಸಬೇಡಿ, ಮನೆಯಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳಿ ಅಂದರು. ತುಂಬ ಮೃದುವಾಗಿ ಹೇಳಿದರು. ನಾನು ಇಷ್ಟು ವರ್ಷ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತವಳು. ಕೊನೇ ಬಸ್ಸು ಹೋಗಿಬಿಟ್ಟಿದೆ ಅನ್ನುವುದನ್ನು ದೂರದಿಂದ ಬಂದವರಿಗೆ ಯಾವ ದನಿಯಲ್ಲಿ ಹೇಳುತ್ತಾರೆ ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ. ತಲೆಯಾಡಿಸಿ ಎದ್ದು ಬಂದೆ. ನಿನಗೆ ಪೂರ್ತಿ ಹೇಳಿದ್ದರೆ ನೀನು ಕರುಣೆಯಿಂದ ಬರುತ್ತಿದ್ದೆ. ಅದು ಅವರಿಗೂ ಬೇಡವಾಗಿತ್ತು, ನನಗೂ ಬೇಡವಾಗಿತ್ತು. ಈಗ ಅದೆಲ್ಲ ಬಿಂಕ ನನ್ನಲ್ಲಿ ಉಳಿದಿಲ್ಲ. ಕರುಣೆಯಿಂದಲಾದರೂ ಸರಿ, ಬಾ.

ನಮ್ಮ ಮನೆಯ ಕೀಲಿ-ಟೀ ಶಾಸ್ತ್ರ ನಿನಗೆ ಮರೆತಿರುವುದಿಲ್ಲ. ಆದರೂ ಬರೆಯುತ್ತೇನೆ. ಹೊರಗೆ ಯಾರಿಗಾದರೂ ಹೇಳಿದರೆ ನಗುತ್ತಾರೆ, ನಿನ್ನ ಹತ್ತಿರ ಬಿಟ್ಟು ಇನ್ನ್ಯಾರ ಹತ್ತಿರ ಹೇಳಿಕೊಳ್ಳಲಿ? ಫುಟ್‌ಬಾಲ್ ಲೀಗಿನ ಕೊನೆಯ ಪಂದ್ಯದ ದಿನ ಅಪ್ಪ ರೇಡಿಯೋ ಹತ್ತಿರ ಸುಳಿಯುತ್ತಿರಲಿಲ್ಲ. ತಾನು ಕೇಳಿದರೆ ನಮ್ಮ ತಂಡ ಸೋಲುತ್ತದೆ ಅಂತ ಅವರ ತಲೆಯಲ್ಲಿ ಅದು ಹೇಗೋ ಕೂತುಬಿಟ್ಟಿತ್ತು. ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು. ಒಳಗೆ ರೇಡಿಯೋಗೆ ಕಿವಿ ಹಚ್ಚಿ ಕೂರುವ ಪಾಡು ನನ್ನದು. ಗೆದ್ದರೆ ತಂಡ ಪ್ಲೇಆಫ್ ಅನ್ನುವ ಮುಂದಿನ ಸುತ್ತಿಗೆ ಹೋಗುತ್ತದೆ, ನಾನು ಕಾರಿನ ಕೀಲಿ ಹಿಡಿದು ಹೊರಗೆ ಬರಬೇಕು. ಸೋತರೆ ಟೀ ತರಬೇಕು. ಬಾಯಲ್ಲಿ ಒಂದು ಮಾತೂ ಆಡಕೂಡದು.

ಕೀಲಿ ಕಂಡರೆ ಒದ್ದೆ ಬಟ್ಟೆ ಅಲ್ಲೇ ಎಸೆದು ಹೊರಟೇಬಿಡುತ್ತಿದ್ದರು. ಆಗೆಲ್ಲ ಪ್ಲೇಆಫ್ ಮರುದಿನವೇ ಇರುತ್ತಿತ್ತು, ಈ ವರ್ಷದ ಹಾಗೆ ಶನಿವಾರದವರೆಗೆ ಕಾಯಬೇಕಾಗಿರಲಿಲ್ಲ. ಯಾವ ಊರಿನಲ್ಲಿ ಅನ್ನುವುದು ಆ ಕೊನೆಯ ಸೀಟಿ ಊದುವವರೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೇ ಅವರಿಗೆ ಖುಷಿ. ಲಿಫ್ಟ್ ರಿಪೇರಿ ಮಾಡುವವರ ಬಾಳೇ ಹಾಗೆ. ಊಟಕ್ಕೆ ಕೂತಾಗ ಕರೆ ಬರುತ್ತದೆ, ಯಾರೋ ಎಲ್ಲೋ ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿರುತ್ತಾರೆ, ಎದ್ದು ಓಡಬೇಕು. ವರ್ಷಕ್ಕೊಮ್ಮೆಯಾದರೂ ಸಂತೋಷಕ್ಕೆ ಅಂತ ಎದ್ದು ಓಡುವ ಆಸೆ ಅವರಿಗೆ. ಜೊತೆ ಕೆಲಸದವರ ಮುಂದೆ ಜಂಬ ಬೇರೆ, ನಮ್ಮನೇಲಿ ಪ್ಲಾನು ಗೀನು ಏನಿಲ್ಲ, ಮನಸ್ಸು ಬಂತು, ಹೊರಟ್ವಿ ಅಂತ.

ಮನಸ್ಸು ಬಂತಂತೆ! ಹಿಂದಿನ ವಾರವೇ ಬೀರುವಿನ ಮೇಲೆ ಚೀಲ ತುಂಬಿಸಿಟ್ಟವಳು ನಾನು. ಎರಡು ಊರಿನ ಲಾಡ್ಜುಗಳಿಗೂ ಫೋನ್ ಮಾಡಿ ಕೋಣೆ ಹಿಡಿದಿಟ್ಟು, ಪಂದ್ಯ ಮುಗಿದ ಮೇಲೆ ಒಂದನ್ನು ಬೇಡ ಅಂತ ಹೇಳಿ ಅವರ ಕೈಲಿ ಬೈಸಿಕೊಂಡವಳು ನಾನು. ಯಾವ ರಸ್ತೆ ಅಗೆದಿದ್ದಾರೆ, ಯಾವ ಸೇತುವೆ ಮುಚ್ಚಿದ್ದಾರೆ ಅಂತ ಬಂದ ಬಂದ ಡ್ರೈವರುಗಳನ್ನೆಲ್ಲ ಕೌಂಟರಿಗೆ ಕರೆದು ವಿಚಾರಿಸುತ್ತಿದ್ದೆ. ನಿನ್ನ ಸ್ಕೂಲಿಗೆ ರಜಾಚೀಟಿಯೂ ಮುಂಚೆಯೇ ತಯಾರು. ಹಿಂದಿನ ಸೀಟಿನಲ್ಲಿ ಕೂತು ನೀನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುತ್ತಿದ್ದೆ, ಅಪ್ಪ ಸ್ಟೀರಿಂಗ್ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು, ನಾನು ಇಬ್ಬರಿಗೂ ಬೈಯುತ್ತಿದ್ದೆ. ಆ ಚೆಂಡಾಟ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ ಕಣೇ. ನನಗೆ ಬೇಕಾಗಿದ್ದದ್ದು ಆ ಕಾರಿನೊಳಗಿನ ಗಲಾಟೆ.

ಮೂರು ವರ್ಷದ ಹಿಂದಿನ ಆ ದಿನವನ್ನೂ ಬರೆಯಲೇಬೇಕು, ಬಿಟ್ಟರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ. ನೀನು ಗಂಡನ ಮನೆ ಬಿಟ್ಟು ಸೂಟ್‌ಕೇಸ್ ಹಿಡಿದು ಬಂದೆ. ಅತ್ತು ಅತ್ತು ಮುಖ ಊದಿಕೊಂಡಿತ್ತು. ಅಪ್ಪ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ಒಳಗೆ ರೇಡಿಯೋದಲ್ಲಿ ಅದೇ ಗಳಿಗೆಗೆ ಪಂದ್ಯ ಮುಗಿದ ಸೀಟಿ ಕೇಳಿಸಿತು, ಗೆದ್ದಿದ್ದೆವು. ನೀನು ಬಂದದ್ದು ನನಗೆ ಗೊತ್ತೇ ಇಲ್ಲ, ಕೀಲಿ ಎತ್ತಿಕೊಂಡು ಕುಣಿಯುತ್ತ ಹೊರಗೆ ಬಂದೆ. ಅಪ್ಪ ನಿನ್ನ ಮುಖ ನೋಡಿದರು, ನನ್ನ ಕೈ ನೋಡಿದರು.

"ಬಾ, ಕಾರಲ್ಲಿ ಕೂತ್ಕೋ. ಹೋಗ್ತಾ ಮಾತಾಡೋಣ" ಅಂದರು.

ನನ್ನ ಬದುಕು ಮುರಿದು ಬಿದ್ದಿದೆ, ನಿಮಗೆ ಆಟ ನೋಡುವ ಚಪಲ ಅಂತ ನೀನು ಕೂಗಾಡಿದೆ. ಆ ಕಾರಿಗೆ ಇನ್ನು ಕಾಲಿಡುವುದಿಲ್ಲ ಅಂತ ಹೇಳಿ ಸೂಟ್‌ಕೇಸ್ ಎತ್ತಿಕೊಂಡು ಬಂದ ದಾರಿಯಲ್ಲೇ ಹೋಗಿಬಿಟ್ಟೆ. ನಿನ್ನ ಸಿಟ್ಟು ನ್ಯಾಯವಾದದ್ದೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಮನುಷ್ಯನಿಗೆ ನೆಲದ ಮೇಲೆ ನಿಂತು ಮಾತಾಡಲು ಯಾವತ್ತು ಬಂದಿತ್ತು ಹೇಳು? ನಿನಗೆ ಮದುವೆ ಗೊತ್ತು ಮಾಡುವಾಗ ಒಪ್ಪಿಗೆಯಾ ಅಂತ ಕೇಳಿದ್ದು ಕಾರಿನಲ್ಲಿ. ಅವರ ತಾಯಿ ತೀರಿಕೊಂಡಾಗ ಅತ್ತದ್ದು ಕಾರಿನಲ್ಲಿ. ಕಾರಲ್ಲಿ ಕೂತ್ಕೋ ಅಂದರೆ ಅವರ ಮಟ್ಟಿಗೆ ತಬ್ಬಿಕೊಂಡ ಹಾಗೆಯೇ. ಅದನ್ನು ನೀನು ತಿಳಿಯಲಿಲ್ಲ, ತಿಳಿಯುವ ಹಾಗೆ ಅವರು ಹೇಳಲಿಲ್ಲ. ಇಬ್ಬರೂ ಒಂದೇ ಹಟದ ಮೂಟೆಗಳು.

ನಾವು ಆಮೇಲೆ ಪಂದ್ಯಕ್ಕೆ ಹೋದೆವು ಅಂತಲೇ ನೀನು ತಿಳಿದಿದ್ದೀಯ. ಹೋಗಲಿಲ್ಲ. ನಿನ್ನ ಹಿಂದೆ ಹೋದೆವು. ನಿಲ್ದಾಣಕ್ಕೆ ಬರುವಷ್ಟರಲ್ಲಿ ಮೂರು ಬಸ್ಸು ಬಿಟ್ಟಾಗಿತ್ತು. ಯಾವುದರಲ್ಲಿ ಹತ್ತಿರ್ತಾಳೆ ಅಂತ ಅಪ್ಪ ನನ್ನನ್ನು ಕೇಳಿದರು. ಊರಿನವರಿಗೆಲ್ಲ ಬಸ್ಸಿನ ದಾರಿ ಹೇಳುವ ನನಗೆ ಹೆತ್ತ ಮಗಳು ಯಾವ ಬಸ್ಸು ಹತ್ತಿದಳು ಅಂತ ಹೇಳಲಾಗಲಿಲ್ಲ. ದೊಡ್ಡ ಸೇತುವೆಯ ಹತ್ತಿರ ದಾರಿ ಕವಲಾಗುವ ಕಡೆ ಕಾರು ನಿಲ್ಲಿಸಿದರು. ಹೊತ್ತು ಮುಳುಗುವ ತನಕ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದರು. ಕೊನೆಗೆ ಒಂದು ಮಾತು ಹೇಳಿದರು.

"ಅವಳ ಸೂಟ್‌ಕೇಸನ್ನ ನಾವು ಒಳಗೂ ತಗೊಳ್ಳಲಿಲ್ಲ."

ಅಷ್ಟೇ. ನಿನಗೆ ಹೇಳಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದರು. ಹಿಡಿಯೋಕೆ ಆಗಲಿಲ್ಲ ಅನ್ನುವುದನ್ನು ಏನಂತ ಹೇಳುವುದು ಅಂತ ಅವರ ವಾದ. ಆ ಪಂದ್ಯ ಏನಾಯಿತೋ ನಾವು ಕೇಳಲೂ ಇಲ್ಲ. ಅಲ್ಲಿಂದ ಈಚೆಗೆ ಪ್ರತಿ ವರ್ಷವೂ ತಂಡ ಸೋತಿತು, ನಾನು ಟೀಯನ್ನೇ ತಂದೆ. ಟೀ ಕೈಗೆ ಬಂದಾಗೆಲ್ಲ ಅವರು ಹೇಳುವ ಮಾತು ಒಂದೇ ತಾನೆ, ಮುಂದಿನ ವರ್ಷ ನೋಡ್ಕೊಳ್ಳೋಣ ಅಂತ. ಹೇಳಿ, ಸೊರ್ರನೆ ಕುಡಿದು, ಲೋಟ ಅಲ್ಲೇ ಬಾನೆಟ್ ಮೇಲಿಟ್ಟು ನನ್ನ ಕೈಲಿ ಬೈಸಿಕೊಳ್ಳುತ್ತಿದ್ದರು.

ಈಗ ಕಳೆದ ಭಾನುವಾರಕ್ಕೆ ಬರುತ್ತೇನೆ. ಕೊನೆಯ ಪಂದ್ಯ. ಬೆಳಗ್ಗೆಯೇ ಕೈಸನ್ನೆ ಮಾಡಿ ರೇಡಿಯೋವನ್ನು ಅವರ ಮಂಚದ ಹತ್ತಿರದಿಂದ ಅಡುಗೆಮನೆಗೆ ತೆಗೆಸಿದರು. ಒಂದು ಬಟ್ಟೆಯನ್ನು ಒದ್ದೆ ಮಾಡಿ ಕೈಗೆ ಕೊಡು ಅಂತಲೂ ಸನ್ನೆಯಲ್ಲೇ ಹೇಳಿದರು. ಯಾಕೋ ಏನೋ ಅಂತ ಕೊಟ್ಟೆ. ಪಂದ್ಯ ಶುರುವಾಗುತ್ತಿದ್ದ ಹಾಗೆ ಆ ಬಟ್ಟೆಯಿಂದ ಮಂಚದ ಕಂಬಿ ಒರೆಸಲು ಶುರು ಮಾಡಿದರು. ಒರೆಸಿದ್ದನ್ನೇ ಒರೆಸಿದರು. ಕೈಯಲ್ಲಿ ತ್ರಾಣವಿಲ್ಲ, ಎರಡು ಸಲ ಎಳೆದು ಸುಮ್ಮನಾಗುವುದು, ಮತ್ತೆ ಎಳೆಯುವುದು. ನಾನು ಪರದೆಯ ಈಚೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ರೇಡಿಯೋದವನು ಏನು ಹೇಳುತ್ತಿದ್ದಾನೆ ಅನ್ನುವುದು ಕೂಡ ತಲೆಗೆ ಹೋಗುತ್ತಿರಲಿಲ್ಲ.

ಮೊದಲು ನಮ್ಮವರೇ ಒಂದು ಗೋಲು ಹೊಡೆದರು. ಆಮೇಲೆ ಎದುರು ತಂಡದವರು ಒಂದು. ಮುಗಿಯುವ ಹೊತ್ತಿಗೆ ಅವರೇ ಇನ್ನೊಂದು. ಸೀಟಿ ಊದಿತು. ಸೋತೆವು, ಸಿಳ್ಳೆಮರಿ. ನೀನು ಪೇಪರಿನಲ್ಲಿ ನೋಡಿದ್ದರೆ ಈ ಕಾಗದದ ಮೊದಲ ಸಾಲು ಓದುವಾಗಲೇ ಅಮ್ಮನಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡಿರುತ್ತೀಯ. ಶನಿವಾರ ಆಡುವವರು ಬೇರೆ ಯಾರೋ. ನಮಗೆ ಪ್ಲೇಆಫ್ ಇಲ್ಲ.

ನನ್ನ ಕೈ ಆಗಲೇ ಅದರಷ್ಟಕ್ಕೆ ಟೀ ಇಟ್ಟಾಗಿತ್ತು. ಉಕ್ಕಿ ಒಲೆಗೆಲ್ಲ ಚೆಲ್ಲಿತು. ಸೋಸಿ ಲೋಟಕ್ಕೆ ಹಾಕಿಕೊಂಡು ಪರದೆಯ ತನಕ ಬಂದೆ. ಸಂದಿಯಿಂದ ಅವರ ಮುಖ ಕಂಡಿತು. ಒರೆಸುವುದನ್ನು ನಿಲ್ಲಿಸಿ ಈ ಕಡೆಯೇ ನೋಡುತ್ತಿದ್ದರು. ಟೀ ಕೊಟ್ಟರೆ ಈ ಸಲ ಏನು ಹೇಳುತ್ತಾರೆ ಅಂತ ಯೋಚನೆ ಬಂತು. ಮುಂದಿನ ವರ್ಷ ಅಂದರೆ ನಾನು ಹೇಗೆ ಕೇಳಿಸಿಕೊಳ್ಳಲಿ? ಅನ್ನದೆ ಸುಮ್ಮನೆ ಕುಡಿದುಬಿಟ್ಟರೆ ಅದನ್ನು ಹೇಗೆ ನೋಡಲಿ? ನನ್ನಿಂದ ಆಗಲಿಲ್ಲ. ಹಿಂದೆ ಬಂದು ಟೀಯನ್ನು ತೊಟ್ಟಿಗೆ ಸುರಿದೆ. ಮೊಳೆಯಿಂದ ಕೀಲಿ ತೆಗೆದುಕೊಂಡು ಹೋಗಿ ಅವರ ಅಂಗೈಯಲ್ಲಿ ಇಟ್ಟೆ.

ಅವರು ನನ್ನನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮುಷ್ಟಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು. ಆವತ್ತಿನಿಂದ ಆ ಕೀಲಿ ಮುಷ್ಟಿಯಲ್ಲೇ ಇದೆ. ಮಲಗುವಾಗಲೂ ಬಿಡುವುದಿಲ್ಲ. ನಾನು ಬೇಕಾದಾಗ ಅದರಿಂದ ಮಂಚದ ಕಂಬಿಗೆ ಟಣ್ ಟಣ್ ಬಡಿಯುತ್ತಾರೆ. ಬೇಡ ಬೇಡ ಅನ್ನುತ್ತಿದ್ದವರು ದಿನಕ್ಕೆ ಎರಡು ಚಮಚ ಜಾಸ್ತಿ ಉಣ್ಣುತ್ತಿದ್ದಾರೆ. ತಂಡದ ಹಳದಿ ಅಂಗಿ ಹುಡುಕಿಸಿದರು. ಈಗ ಅದರಲ್ಲಿ ಅವರಂಥ ಇಬ್ಬರು ಹಿಡಿಸುತ್ತಾರೆ, ಹಿಂದುಗಡೆ ಹಿಡಿದು ಹೊಲಿದುಕೊಟ್ಟೆ.

ಸೋಮವಾರ ಗದ್ದ ಸವರಿಕೊಂಡು ಗಡ್ಡ ಮಾಡಿಸಬೇಕು ಅಂತ ಸನ್ನೆ ಮಾಡಿದರು. ಎದುರುಗಡೆಯ ಕ್ಷೌರದಂಗಡಿಯವನು ಗೊತ್ತಲ್ಲ, ನಮ್ಮ ವಟವಟ, ಅವನಿಗೂ ಇದೇ ತಂಡದ ಹುಚ್ಚು. ಅವನನ್ನು ಗೇಟಿನ ಹತ್ತಿರವೇ ತಡೆದು, ಒಳಗೆ ಪಂದ್ಯದ ಮಾತೆತ್ತಿದರೆ ನಿನ್ನ ಕತ್ತಿಯಿಂದ ನಿನ್ನ ಮೀಸೆಯನ್ನೇ ಬೋಳಿಸುತ್ತೇನೆ ಅಂತ ಹೇಳಿ ಕಳಿಸಿದೆ. ಪಾಪ, ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಟಯರಿಗೆ ಗಾಳಿ ತುಂಬಿಸಿಕೊಡುತ್ತೀನಮ್ಮ ಅಂದ. ಬ್ಯಾಟರಿಯನ್ನೂ ಅವನೇ ತೆಗೆದುಕೊಂಡು ಹೋಗಿ ಚಾರ್ಜ್ ಮಾಡಿಸಿ ತಂದು ಹಾಕಿದ. ಡಬ್ಬಿಯಲ್ಲಿದ್ದ ಇನ್ನೊಂದು ಕೀಲಿ ಹಾಕಿ ನೋಡಿದೆವು, ಕಾರು ಶುರುವಾಗುತ್ತದೆ. ಆ ಶಬ್ದ ಕೇಳಿ ಅಪ್ಪ ಕಂಬಿಗೆ ಕೀಲಿ ಬಡಿದರು.

ಹೀಗೆ ನಾನೇ ತೋಡಿದ ಗುಂಡಿಗೆ ನಾನೇ ಬಿದ್ದಿದ್ದೇನೆ. ಇನ್ನು ಹೊರಡದೆ ದಾರಿಯಿಲ್ಲ. ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋದರೆ ಅವರು ಒಪ್ಪುವುದಿಲ್ಲ. ನನಗೆ ಓಡಿಸಲು ಬರುವುದಿಲ್ಲ. ಆ ಕಾರಿನ ಗೇರು ಮೂರನೆಯದಕ್ಕೆ ಬೀಳಬೇಕಾದರೆ ಹೇಗೆ ಒದೆಯಬೇಕು ಅನ್ನುವುದು ಅವರನ್ನು ಬಿಟ್ಟರೆ ನಿನಗೊಬ್ಬಳಿಗೇ ಗೊತ್ತು. ಅವರೇ ಕಲಿಸಿದ್ದು, ಇಂಥದ್ದೇ ಒಂದು ಪಂದ್ಯಕ್ಕೆ ಹೋಗುವ ದಾರಿಯಲ್ಲಿ.

ಉಪಾಯ ಹೇಳುತ್ತೇನೆ, ಕೇಳು. ಶನಿವಾರ ಬೆಳಗ್ಗೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ದಿಂಬು ಕೊಟ್ಟು ಅವರನ್ನು ಮಲಗಿಸೋಣ. ವಟವಟ ಎತ್ತಿಕೊಂಡು ಬರುತ್ತಾನೆ. ಅಪ್ಪ ಈಗ ಭಾರವೇ ಇಲ್ಲ. ದೊಡ್ಡ ಸೇತುವೆಯ ತನಕ ಹೋಗೋಣ. ಅಲ್ಲಿ ನೋವಿನ ಔಷಧಿ ಕೊಡುತ್ತೇನೆ. ಕೊಟ್ಟರೆ ಸಂಜೆವರೆಗೂ ನಿದ್ದೆ. ಕಾರು ತಿರುಗಿಸಿ ನಿಧಾನವಾಗಿ ಮನೆಗೆ ಬಂದುಬಿಡೋಣ. ಎಚ್ಚರವಾದಾಗ, ಪಂದ್ಯ ಮುಗಿದುಹೋಯಿತು, ನೀವು ಚೆನ್ನಾಗಿ ಗೊರಕೆ ಹೊಡೆದಿರಿ, ನಾವು ಗೆದ್ದೆವು ಅಂತ ಹೇಳೋಣ. ಅದರ ಮುಂದಿನ ಪಂದ್ಯಕ್ಕೆ ಏನು ಮಾಡುವುದು ಅಂತ ನೀನು ಕೇಳಬಹುದು. ಅದರ ಮುಂದಿನ ಪಂದ್ಯಕ್ಕೆ ಅಪ್ಪ ಇರುವುದಿಲ್ಲ.

ಮನೆಗೆ ಬಂದು ಹೋಗುವ ನರ್ಸಮ್ಮನಿಗೆ ಮೆಲ್ಲಗೆ ಕೇಳಿದೆ. ಕಾರಿನಲ್ಲೆಲ್ಲ ಆಗುವುದಿಲ್ಲಮ್ಮ, ದಾರಿಯಲ್ಲೇ ಏನಾದರೂ ಆದರೆ ಅಂದಳು. ಮನೆಯಲ್ಲೇ ಆದರೆ ಮಾತ್ರ ನಾನೇನು ಮಾಡಬಲ್ಲೆ ಅಂದೆ. ಅವಳು ಅಪ್ಪನ ಮುಷ್ಟಿ ನೋಡಿದಳು. ಸೇತುವೆಯಿಂದ ಆಚೆ ಹೋಗಬೇಡಿ ಅಂದಳು.

ನಾನು ಸೋತಿದ್ದೇನೆ ಮಗಳೇ. ಇಷ್ಟು ದಿನ ಎಲ್ಲರ ಹೊರಡುವಿಕೆಗೂ ನಾನೇ ತಯಾರಿ ಮಾಡಿಕೊಟ್ಟೆ. ಈ ಒಂದಕ್ಕೆ ಏನು ತಯಾರಿ ಮಾಡಬೇಕೋ ತಿಳಿಯುತ್ತಿಲ್ಲ. ನಿನ್ನೆ ಬೀರುವಿನ ಮೇಲಿಂದ ಚೀಲ ಇಳಿಸಿದೆ. ಅವರ ಬಟ್ಟೆ ಮಡಚಿಟ್ಟೆ, ಬ್ರಷ್ಷು ಇಟ್ಟೆ, ಚಪ್ಪಲಿ ಇಟ್ಟೆ. ಆ ಚಪ್ಪಲಿ ಹಾಕಿಕೊಂಡು ಅವರು ಇನ್ನು ನಡೆಯುವುದಿಲ್ಲ ಅಂತ ಗೊತ್ತಿದ್ದೂ ಇಟ್ಟೆ. ಆಮೇಲೆ ಚೀಲದ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಏಳಲು ಮನಸ್ಸೇ ಬರಲಿಲ್ಲ. ದೇವರ ಹತ್ತಿರ ಕೇಳಲು ಏನೂ ಉಳಿದಿಲ್ಲ. ನಿನ್ನ ಹತ್ತಿರ ಮಾತ್ರ ಒಂದು ಬೆಳಗನ್ನು ಕೇಳುತ್ತಿದ್ದೇನೆ. ಅಪ್ಪನ ಜೊತೆ ಮಾತಾಡಬೇಡ ಬೇಕಾದರೆ. ಕಾರು ಓಡಿಸು, ಸಾಕು. ಸುಳ್ಳನ್ನೆಲ್ಲ ನಾನೇ ಹೇಳುತ್ತೇನೆ.

ಆಶೀರ್ವಾದ ಕೊನೆಗೆ ಅಂದಿದ್ದೆ. ನಿನ್ನ ಒಳ್ಳೆಯದನ್ನು ಬಯಸದೆ ನಾನು ಒಂದು ದಿನವೂ ದೀಪ ಆರಿಸಿ ಮಲಗಿಲ್ಲ, ಅಷ್ಟು ತಿಳಿದುಕೋ. ಬರುವಾಗ ಸೂಟ್‌ಕೇಸ್ ತಾ. ಈ ಸಲ ಬಾಗಿಲಲ್ಲೇ ಬಿಡುವುದಿಲ್ಲ.

ಇಂತಿ,
ನಿನ್ನ ಬಾಯಿಬಡುಕಿ ಅಮ್ಮ

ಮರೆತ ಮಾತು: ಕಾಗದ ಮಡಚುವಾಗ ಕಂಬಿ ಬಡಿದ ಸದ್ದಾಯಿತು. ಹೋದೆ. ಬಗ್ಗು ಅಂತ ಸನ್ನೆ ಮಾಡಿದರು. ಬಾಯಿಯ ಹತ್ತಿರ ಕಿವಿ ಇಟ್ಟೆ. ಉಸಿರಿನಷ್ಟೇ ದನಿ. "ಭಾನುವಾರದ ಟೀ ಚೆಲ್ಲಿಬಿಟ್ಟೆ ಅಲ್ವಾ? ಸೀದಿತ್ತು, ವಾಸನೆ ಬಂತು. ಈಗ ಮಾಡ್ಕೊಂಡು ಬಾ" ಅಂದರು. ಆವತ್ತಿನಿಂದಲೂ ಸೋತದ್ದೆಲ್ಲ ಗೊತ್ತಿದ್ದೂ ಆ ಹಳದಿ ಅಂಗಿ, ಆ ಗಡ್ಡ! ಟೀ ಮಾಡಿ ತಂದು ಚಮಚದಲ್ಲಿ ಕುಡಿಸಿದೆ. ನಾಲ್ಕು ಚಮಚ ಕುಡಿದರು. ಮುಂದಿನ ವರ್ಷದ ಮಾತು ಆಡಲಿಲ್ಲ. ಇನ್ನೇನು, ಆಟ ಮುಗಿಯಿತು ಅಂದುಕೊಂಡು ಕೀಲಿ ಈಸಿಕೊಳ್ಳಲು ಕೈ ಚಾಚಿದೆ. ಮುಷ್ಟಿ ಬಿಡಲಿಲ್ಲ. "ಅವಳು ಬರ್ಲಿ, ಅವಳಿಗೆ ಕೊಡ್ತೀನಿ" ಅಂದರು.